ಶಶಿ, ದುಬೈಯಲ್ಲಿ ವಾರಪೂರ್ತಿ ಕಾರು ಬೇಡ ಕಣೋ

ಶಶಿ, ನಿನ್ನ ಮೆಸೇಜ್ ಈಗ ನೋಡಿದೆ. ಡಿಸೆಂಬರಿನಲ್ಲಿ ಎಲ್ಲರೂ ದುಬೈಗೆ ಬರುತ್ತೇವೆ, ವಾರಪೂರ್ತಿ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸಲಾ ಅತ್ತೆ ಅಂತ ಕೇಳಿದ್ದೀಯ. ಅಡುಗೆ ಮಾಡುತ್ತಾ ಹೇಳುತ್ತಿದ್ದೇನೆ, ಮಾತು ಹಿಂದೆಮುಂದೆ ಆದರೆ ಬೇಜಾರು ಮಾಡ್ಕೋಬೇಡ.

ವಾರಪೂರ್ತಿ ಬೇಡ. ಎರಡು ದಿನ ಸಾಕು. ಊರೊಳಗೆ ಮೆಟ್ರೋ ಇದೆ, ಟ್ಯಾಕ್ಸಿ ಇದೆ, ಬರ್ ದುಬೈ ಗಲ್ಲಿಗಳಲ್ಲಿ ಪಾರ್ಕಿಂಗ್ ಹುಡುಕುತ್ತಾ ಸುತ್ತೋ ಹೊತ್ತಿಗೆ ನೀನು ಎರಡು ದೋಸೆ ತಿಂದು ಮುಗಿಸಬಹುದು. ಹತ್ತಾ ಬೆಟ್ಟ, ಫುಜೈರಾ ಬೀಚ್ ಕಡೆ ಹೋಗೋ ದಿನ ಮಾತ್ರ ಕಾರು ತಗೋ. ಆ ರಸ್ತೆ ನಿಜವಾಗ್ಲೂ ಚೆಂದ.

ಐಡಿಪಿ, ಅಂದರೆ ಹೊರದೇಶದಲ್ಲಿ ಗಾಡಿ ಓಡಿಸೋಕೆ ಕೊಡೋ ಪರ್ಮಿಟ್, ಅದನ್ನ ಮಾತ್ರ ಅಲ್ಲಿಂದಲೇ, ನಿಮ್ಮ ಆರ್‌ಟಿಓದಲ್ಲಿ ಮಾಡಿಸಿಕೊಂಡು ಬಾ. ಟೂರಿಸ್ಟ್ ವೀಸಾದವರಿಗೆ ನಮ್ಮ ಲೈಸೆನ್ಸ್ ಜೊತೆ ಅದೂ ಬೇಕು. ಕ್ರೆಡಿಟ್ ಕಾರ್ಡೂ ನಿನ್ನ ಹೆಸರಲ್ಲೇ ಇರಲಿ, ಡೆಪಾಸಿಟ್ ಅಂತ ಅದರಲ್ಲಿ ಒಂದಷ್ಟು ದುಡ್ಡು ಹಿಡಿದಿಡುತ್ತಾರೆ. ಕಾರು ವಾಪಸ್ ಕೊಟ್ಟ ದಿನವೇ ಅದನ್ನ ಬಿಡುವುದಿಲ್ಲ, ಯಾಕೆಂದರೆ ದಂಡದ ಲೆಕ್ಕ ನಿಧಾನವಾಗಿ ಬರುತ್ತದೆ. ನಮ್ಮ ಕಾರು ಗ್ಯಾರೇಜಿನಲ್ಲಿದ್ದಾಗ ನಾನೂ ಒಂದು ಸಲ ಬಾಡಿಗೆಗೆ ತಗೊಂಡಿದ್ದೆ, ಬಂಪರ್ ಮೇಲೆ ಧೂಳಿನ ಕೆಳಗೆ ಮೊದಲೇ ಇದ್ದ ಗೀರನ್ನ ನನ್ನ ತಲೆಗೆ ಕಟ್ಟಿದರು. ಅದಕ್ಕೇ ಹೇಳೋದು, ಕೀ ತಗೊಳ್ಳೋ ಮೊದಲು ಕಾರಿನ ಸುತ್ತ ಒಂದು ವಿಡಿಯೋ ಮಾಡಿಕೋ, ಬಾಡಿಗೆಯವನು ಮುಖ ಸಿಂಡರಿಸಿದರೂ ಪರವಾಗಿಲ್ಲ. ಮುಲ್ಕಿಯಾ ಕಾರಿನಲ್ಲಿದೆಯಾ ಕೇಳು. ಮುಲ್ಕಿಯಾ ಅಂದರೆ ಇಲ್ಲಿನ ಆರ್‌ಸಿ, ನಮ್ಮ ಮಂಗಳೂರು ಕಡೆಯ ಮುಲ್ಕಿ ಅಲ್ಲ!

ಇಲ್ಲಿ ರಸ್ತೆಯ ಬಲಗಡೆ ಓಡಿಸೋದು ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ. ಕೈಗೆ ಮಾತ್ರ ಆಗುವುದಿಲ್ಲ. ಇಂಡಿಕೇಟರ್ ಎಡಗಡೆ ಇರುತ್ತದೆ, ವೈಪರ್ ಬಲಗಡೆ. ನಾನು ಮೊದಲ ವಾರ ಪ್ರತಿ ತಿರುವಿನಲ್ಲೂ ವೈಪರ್ ಹಾಕುತ್ತಿದ್ದೆ, ಸುಡು ಬಿಸಿಲಲ್ಲಿ ಒಣ ಗಾಜಿನ ಮೇಲೆ ಕರ್ ಕರ್ ಅಂತ! ಪಕ್ಕದ ಕಾರಿನವರಿಗೆ ಆಗಲೇ ಗೊತ್ತು, ಇವರು ಇಂಡಿಯಾದಿಂದ ಈಗ ತಾನೇ ಇಳಿದವರು ಅಂತ.

ಶೇಖ್ ಜಾಯೆದ್ ರೋಡಿನಲ್ಲಿ ಎಡಗಡೆ ಕೊನೆ ಲೇನಿಗೆ ಹೋಗಲೇಬೇಡ. ಹಿಂದಿನಿಂದ ದೊಡ್ಡ ಗಾಡಿ ಬಂದು ಲೈಟ್ ಹೊಡೆಯುತ್ತದೆ, ಗಾಬರಿಯಾಗಬೇಡ, ಇಂಡಿಕೇಟರ್ ಹಾಕಿ ಬಲಕ್ಕೆ ಸರಿದು ದಾರಿ ಕೊಡು. ಎಕ್ಸಿಟ್ ತಪ್ಪಿತಾ, ತಪ್ಪಲಿ ಬಿಡು. ನಮ್ಮೂರಿನ ಹಾಗೆ ನಿಲ್ಲಿಸಿ ರಿವರ್ಸ್ ತಗೊಳ್ಳೋಕೆ ಹೋಗಬೇಡ ಮಾರಾಯ. ಹತ್ತು ನಿಮಿಷ ಸುತ್ತಿ ಬಂದರೆ ಆಯ್ತು.

ಸ್ಪೀಡಿನ ಲೆಕ್ಕ ಇಲ್ಲಿ ವಿಚಿತ್ರ. ದುಬೈಯಲ್ಲಿ ಬೋರ್ಡಿನಲ್ಲಿ 100 ಇದ್ದರೆ 120 ದಾಟಿದ ಮೇಲೆ ಕ್ಯಾಮೆರಾ ಹಿಡಿಯುತ್ತದೆ. ಅದನ್ನೇ ನಂಬಿಕೊಂಡು ಅಬುಧಾಬಿಗೆ ಹೋದೆಯೋ, ಕೆಟ್ಟೆ. ಅಲ್ಲಿ 2018ರಿಂದ ಆ ರಿಯಾಯಿತಿ ಇಲ್ಲ, ಬೋರ್ಡಿನಲ್ಲಿ ಎಷ್ಟಿದೆಯೋ ಅಷ್ಟೇ.

ಸಾಲಿಕ್ ಅಂತ ಟೋಲ್ ಇದೆ. ಗೇಟೂ ಇಲ್ಲ, ನಿಲ್ಲಿಸುವವರೂ ಇಲ್ಲ, ಸುಮ್ನೆ ಕೆಳಗೆ ಹಾದು ಹೋದರೆ ದುಡ್ಡು ಬಿತ್ತು. ಒಂದು ಸಲಕ್ಕೆ ಸಾಮಾನ್ಯವಾಗಿ 4 ದಿರ್ಹಮ್, ವಾರದ ದಿನ ಬೆಳಗ್ಗೆ 6ರಿಂದ 10, ಸಂಜೆ 4ರಿಂದ 8ರವರೆಗೆ 6 ದಿರ್ಹಮ್. ಬಾಡಿಗೆಯವರು ಅದರ ಮೇಲೆ ತಮ್ಮದೂ ಒಂದಿಷ್ಟು ಸೇರಿಸಬಹುದು, ಮೊದಲೇ ಕೇಳಿಕೋ.

ಪುಟ್ಟಿಗೆ ಇನ್ನೂ ಮೂರು ವರ್ಷ ಅಲ್ವಾ, ಮಕ್ಕಳ ಸೀಟ್ ಬುಕ್ ಮಾಡುವಾಗಲೇ ಹೇಳು. ನಾಲ್ಕು ವರ್ಷದೊಳಗಿನವರಿಗೆ ಕಡ್ಡಾಯ, ಅತ್ತಿಗೆ ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ ಅಂದರೂ ಒಪ್ಪಬೇಡ. ಅಣ್ಣನನ್ನೂ ಹಿಂದೆಯೇ ಕೂರಿಸು, ಮುಂದೆ ಕೂತರೆ ಇಲ್ಲದ ಬ್ರೇಕ್ ಒತ್ತುತ್ತಾ ನಿನ್ನ ತಲೆ ಕೆಡಿಸುತ್ತಾನೆ. ಮತ್ತೆ ಮರಳು ಕಂಡ ತಕ್ಷಣ ಕಾರು ಇಳಿಸಬೇಡ, ಬಾಡಿಗೆ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ಅಲ್ಲಿಗೆ ನಡೆಯುವುದಿಲ್ಲ.

ಐಡಿಪಿ ಕೈಗೆ ಬಂದ ದಿನ ಒಂದು ಫೋಟೋ ಹಾಕು. ಆಮೇಲೆ ಕಾರು ಎಲ್ಲಿ ತಗೊಳ್ಳೋದು ಅಂತ ನಾನೇ ಹೋಗಿ ವಿಚಾರಿಸುತ್ತೇನೆ.