ಒರಟ, ಖಡಕ್, ಗಡಸು: ಈ ಪತ್ತೇದಾರನಿಗೆ ಯಾವುದು ಒಪ್ಪುತ್ತದೆ?

ಗೆಳೆಯರೇ,

ಮೂರು ದಿನದಿಂದ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ನಮ್ಮ ಸಿನಿಮಾ ಬಳಗದಲ್ಲಿ 1944ರ 'ಮರ್ಡರ್, ಮೈ ಸ್ವೀಟ್' ತೋರಿಸುತ್ತಿದ್ದೇವೆ. ಅದಕ್ಕೆ ಎರಡು ಪುಟದ ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ನಾಯಕ ಡಿಕ್ ಪವೆಲ್. 1933ರ 'ಫಾರ್ಟಿ ಸೆಕೆಂಡ್ ಸ್ಟ್ರೀಟ್' ಕಾಲದಿಂದ ವಾರ್ನರ್ ಕಂಪನಿಯ ಹಾಡು-ಕುಣಿತದ ಚಿತ್ರಗಳಲ್ಲಿ ನಗುನಗುತ್ತಾ ಹಾಡಿದ ಹುಡುಗ. ನಲವತ್ತು ಹತ್ತಿರ ಬಂದಾಗ ಆ ವೇಷ ಅವನಿಗೇ ಸಾಕಾಗಿತ್ತು. ಇಲ್ಲಿ ರೇಮಂಡ್ ಚಾಂಡ್ಲರ್ ಕಾದಂಬರಿಯ ಪತ್ತೇದಾರ ಫಿಲಿಪ್ ಮಾರ್ಲೋ ಆದ. ಮೊದಲು ಕಾದಂಬರಿಯ ಹೆಸರಲ್ಲೇ, 'ಫೇರ್‌ವೆಲ್, ಮೈ ಲವ್ಲಿ' ಅಂತ ಬಿಟ್ಟರು. ಪವೆಲ್ ಇದ್ದಾನೆ, ಹೆಸರಲ್ಲಿ 'ಲವ್ಲಿ' ಇದೆ. ಜನ ಇದೂ ಹಾಡಿನ ಸಿನಿಮಾ ಅಂದುಕೊಂಡರು. ಕೊನೆಗೆ ಹೆಸರು ಬದಲಿಸಿ, ಹೆಸರಿನಲ್ಲೇ ಕೊಲೆ ಮಾಡಿಸಬೇಕಾಯಿತು!

ಯಾವುದಕ್ಕೂ ಜಗ್ಗದ ಇಂಥ ಪತ್ತೇದಾರನ ಪಾತ್ರಕ್ಕೆ ಇಂಗ್ಲಿಷ್‌ನಲ್ಲಿ 'ಹಾರ್ಡ್‌ಬಾಯಿಲ್ಡ್' ಅನ್ನುತ್ತಾರೆ. ಗಟ್ಟಿಯಾಗಿ ಬೆಂದ ಮೊಟ್ಟೆ. ನಮ್ಮ 'ಬೆಂದವನು' ಕಥೆಯೇ ಬೇರೆ. ಅಕ್ಕಿ, ಬೇಳೆ, ಬದನೆಕಾಯಿ, ಬೆಂದದ್ದೆಲ್ಲ ಮೆತ್ತಗಾಗುತ್ತದೆ. ನೊಂದು ಬೆಂದವನು ಮಾಗುತ್ತಾನೆ, ಕಲ್ಲಾಗುವುದಿಲ್ಲ. ಹಾಗಾಗಿ ಮೊಟ್ಟೆ ಬಿಟ್ಟೆ.

'ಒರಟ' ಅನ್ನೋಣವೇ? ಈ ಮಾರ್ಲೋ ಸಿರಿವಂತರ ಮನೆಯಲ್ಲಿ ಕಾಯುವಾಗ ಚೌಕುಳಿ ನೆಲದ ಮೇಲೆ ಕುಂಟೆಬಿಲ್ಲೆ ಆಡಿದ ಹಾಗೆ ಕುಪ್ಪಳಿಸುತ್ತಾನೆ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಜಾಸ್ತಿ. ಸಿನಿಮಾ ಶುರುವಾಗುವುದೇ ಅವನು ಕಣ್ಣಿಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಪೊಲೀಸರ ಎದುರು ಕೂತಿರುವಲ್ಲಿ. ಆಗಲೂ ಬಾಯಲ್ಲಿ ಕೊಂಕು. ಒರಟ ಅಲ್ಲ ಬಿಡಿ.

'ಖಡಕ್' ಆಗಬಹುದಿತ್ತು. ಆದರೆ ಅದು ರೊಟ್ಟಿಗೆ, ಚಹಾಕ್ಕೆ, ಇಲ್ಲವೇ ಲಂಚ ಮುಟ್ಟದ ಅಧಿಕಾರಿಗೆ. ಖಡಕ್ ಅಧಿಕಾರಿಯ ಅಂಗಿಯ ಇಸ್ತ್ರಿ ಕೆಡುವುದಿಲ್ಲ. ದಿನದ ಲೆಕ್ಕದಲ್ಲಿ ದುಡಿಯುವ ಈ ಪತ್ತೇದಾರನಿಗೆ ಅದು ಹೊಂದುವುದಿಲ್ಲ.

ಉಳಿದದ್ದು 'ಗಡಸು'. ಗಡಸು ನೀರು ನೆನಪಿಸಿಕೊಳ್ಳಿ. ಬಕೆಟ್ಟಿನಲ್ಲಿ ನೋಡಿದರೆ ಎಲ್ಲ ನೀರಿನ ಹಾಗೇ ತಿಳಿಯಾಗಿರುತ್ತದೆ. ಸೋಪು ಉಜ್ಜಿ ನೊರೆ ಬಾರದಿದ್ದಾಗ ತಾನೇ ಗೊತ್ತಾಗುವುದು? ಪವೆಲ್ ಕೂಡ ಹಾಗೇ. ಹಾಡುಗಾರನ ದುಂಡು ಮುಖ ಎಲ್ಲೂ ಹೋಗಿಲ್ಲ, ಯಾರಾದರೂ ಅವನನ್ನು ಕೆಣಕಬೇಕು ಅಷ್ಟೇ.

(ಇಂಥ ಕರಾಳ ಅಪರಾಧ ಚಿತ್ರಗಳಿಗೆ ಅನ್ನುವ 'ನುವಾರ್' (ಫ್ರೆಂಚಿನಲ್ಲಿ ಕಪ್ಪು) ಪದದ ಗೊಡವೆಗೆ ಹೋಗಿಲ್ಲ. 1946ರಲ್ಲಿ ವಿಮರ್ಶಕ ನಿನೋ ಫ್ರಾಂಕ್ ಪ್ಯಾರಿಸ್‌ನಲ್ಲಿ ಆ ಹೆಸರು ಹಚ್ಚಿದ ಚಿತ್ರಗಳಲ್ಲಿ ಇದೂ ಒಂದು. 'ಕಪ್ಪು ಚಿತ್ರ' ಅಂದರೆ ಕಪ್ಪುಬಿಳುಪು ಅಂದುಕೊಳ್ಳುತ್ತಾರೆ. ಸುಮ್ನೆ ನುವಾರ್ ಅಂತಲೇ ಇಟ್ಟೆ.)

ನನ್ನ ಅನುಮಾನ ಒಂದೇ. ಗಡಸು ದನಿ, ಗಡಸು ಮಾತು ನಾನೂ ಬಳಸುತ್ತೇನೆ. 'ಗಡಸು ಮನುಷ್ಯ', 'ಗಡಸು ಆಳು' ಅಂತ ನಿಮ್ಮ ಕಡೆ ಹೇಳುತ್ತಾರಾ? ನಮ್ಮಜ್ಜಿ ಬಾಯಲ್ಲಿ ನಾನು ಕೇಳಿದ್ದು 'ಕಡಸು' ಮಾತ್ರ. ಅದು ಇನ್ನೂ ಕರು ಹಾಕದ ಹಸು, ಮಾರ್ಲೋಗೆ ಅಂಟಿಸಲು ಬರುವುದಿಲ್ಲ ಅಲ್ವಾ? ಟಿಪ್ಪಣಿ ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿ.