ಕುದ್ರುವಿನಲ್ಲಿ ಒಂದು ವರ್ಷ ಇರಬೇಕು, ಏನೇನು ತಯಾರಿ ಬೇಕು?

ಗಂಡನ ಮನೆ ಬ್ರಹ್ಮಾವರದ ಹತ್ತಿರ ಸೀತಾನದಿಯ ಒಂದು ಸಣ್ಣ ಕುದ್ರುವಿನಲ್ಲಿದೆ, ಅಂದರೆ ನದಿ ನಡುವಿನ ದ್ವೀಪದಲ್ಲಿ. ಸಮುದ್ರ ದೂರವಿಲ್ಲ. ಅತ್ತೆ ಒಬ್ಬರೇ ಇದ್ದಾರೆ, ಹಾಗಾಗಿ ಮೇ ಕೊನೆಗೆ ಬೆಂಗಳೂರು ಬಿಟ್ಟು ಒಂದು ವರ್ಷ ಅಲ್ಲೇ ಇರೋಣ ಅಂತ ಇದ್ದೇವೆ. ಸೇತುವೆ ಇಲ್ಲ, ದೋಣಿಯೇ ಗತಿ. 5 ವರ್ಷದ ಮಗಳಿದ್ದಾಳೆ. ನನ್ನ ಕೆಲಸ ಲ್ಯಾಪ್‌ಟಾಪಿನಲ್ಲಿ. ನಾನು ಬಯಲುಸೀಮೆಯವಳು, ಈಜು ಬರುವುದಿಲ್ಲ. ಅತ್ತೆಯನ್ನು ಕೇಳಿದರೆ "ಎಂಥದೂ ಬೇಡ, ಬನ್ನಿ" ಅಂತಾರೆ. ಇದ್ದು ಗೊತ್ತಿರುವವರು ಹೇಳಿ.

ಕುಂದಾಪುರದಿಂದ

ನನ್ನ ತವರು ಪಂಚಗಂಗಾವಳಿ ಹೊಳೆಯ ಕುದ್ರು. ಎಲ್ಲರೂ ನಿಮಗೆ ಮಳೆಗಾಲದ ಹೆದರಿಕೆ ಹೇಳ್ತಾರೆ. ನಾನು ಹೇಳೋದು ಬೇಸಿಗೆಯದು. ಮಳೆಗಾಲದಲ್ಲಿ ಬಾವಿ ತುಂಬಿರುತ್ತದೆ, ನೀರು ಸಿಹಿ. ದೀಪಾವಳಿ ಕಳೆದು ಹೊಳೆಯ ಹರಿವು ಇಳಿದ ಹಾಗೆ ಉಬ್ಬರದಲ್ಲಿ ಸಮುದ್ರದ ನೀರು ಮೇಲೆ ಮೇಲೆ ಬರಲು ಶುರು, ಮಾರ್ಚ್ ಏಪ್ರಿಲ್ ಹೊತ್ತಿಗೆ ಎಷ್ಟೋ ಕುದ್ರುಗಳಲ್ಲಿ ಬಾವಿ ನೀರು ಬಾಯಿಗೆ ಹಾಕಲು ಆಗುವುದಿಲ್ಲ, ಅದರಲ್ಲಿ ಬೇಯಿಸಿದ ಬೇಳೆಯೂ ಸರಿ ಬೇಯುವುದಿಲ್ಲ. ಬಾವಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ಇರುತ್ತದೆ. ಮೋಟಾರ್ ಹಾಕಿ ಒಂದೇ ಸಲ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ಹಗ್ಗ ಹಾಕಿಯೇ ಸೇದಿ. ಪಂಚಾಯತಿನ ನಳ್ಳಿ ನೀರು ಹೊಳೆ ದಾಟಿ ಬಂದಿದೆಯಾ, ಬಂದಿದ್ದರೆ ಬೇಸಿಗೆಯಲ್ಲೂ ಬರುತ್ತದಾ ಅಂತ ಮೊದಲು ಕೇಳಿ.

ಮೇ ಕೊನೆಗೆ ಹೋಗೋದು ತಡವಾಯ್ತು. ಏಪ್ರಿಲ್‌ನಲ್ಲೇ ಒಮ್ಮೆ ಹೋಗಿ ಬನ್ನಿ. ಮಳೆ ಹಿಡಿಯುವ ಮೊದಲು ಕುಚ್ಚಲಕ್ಕಿ, ಒಣಮೆಣಸು, ಹುಣಸೆಹುಳಿ, ಗ್ಯಾಸು, ಮಗುವಿನ ಮದ್ದು ಎಲ್ಲ ಮನೆಯಲ್ಲಿರಬೇಕು. ಸೌದೆ, ತೆಂಗಿನ ಒಣ ಮಡಲು ಕೊಟ್ಟಿಗೆ ಸೇರಿರಬೇಕು. ಜೂನ್ 1ರಿಂದ ಜುಲೈ ಕೊನೆವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಹಸಿ ಮೀನು ತುಟ್ಟಿ. ಒಣಮೀನು, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಹಪ್ಪಳ, ಇವೇ ಆ ದಿನಗಳ ಊಟ. ಅತ್ತೆಯವರು "ಎಂಥದೂ ಬೇಡ" ಅನ್ನೋದು ಅವರ ಅಟ್ಟದಲ್ಲಿ ಇದೆಲ್ಲ ಒಬ್ಬರಿಗೆ ಆಗುವಷ್ಟು ಇರುವುದರಿಂದ ಮಾರಾಯ್ರೆ, ನಾಲ್ಕು ಜನಕ್ಕೆ ಅಲ್ಲ!

ಕುಮಟಾದಿಂದ

ಅಘನಾಶಿನಿ ನದಿಯ ಕುರ್ವೆಯಲ್ಲಿ ಬೆಳೆದವನು, ನೀವು ಕುದ್ರು ಅನ್ನುವುದನ್ನೇ ನಾವು ಕುರ್ವೆ ಅನ್ನೋದು. ಮೇಲಿನ ಅಕ್ಕ ನೀರಿನ ಬಗ್ಗೆ ಹೇಳಿದ್ದು ಸರಿ. ನಾನು ಹೇಳಬೇಕಾದದ್ದು ಗಡಿಯಾರದ ವಿಷಯ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಶಾಲೆ ಹೊತ್ತಿಗೆ ಕಡವಿನ (ದೋಣಿ ಹತ್ತುವ ಜಾಗದ) ತನಕ ದೋಣಿ ಬಂತು ಅಂದರೆ ಮುಂದಿನ ವಾರ ಅದೇ ಹೊತ್ತಿಗೆ ಮೊಣಕಾಲು ಕೆಸರು. ಅಮಾವಾಸ್ಯೆ ಹುಣ್ಣಿಮೆಗೆ ಏರಿಳಿತ ಇನ್ನೂ ಜಾಸ್ತಿ. ಪಂಚಾಂಗ ನೋಡುವ ಅಭ್ಯಾಸ ಮಾಡಿಕೊಳ್ಳಿ, ಮೀಟಿಂಗು ಬ್ಯಾಂಕು ಎಲ್ಲ ಅದರ ಮೇಲೆ. ಮಗುವಿಗೆ ಲೈಫ್ ಜಾಕೆಟ್ ನೀವೇ ಕೊಳ್ಳಿ. ದೋಣಿಯಲ್ಲಿ ಇರುವುದು ದೊಡ್ಡವರ ಅಳತೆಯದು, ಅದೂ ಇದ್ದರೆ.

ಅತ್ತೆಯವರ ಗದ್ದೆ ಇದೆಯಾ? ನಮ್ಮಲ್ಲಿ ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಯಲ್ಲಿ, ಕಗ್ಗ ಅಂತ ಭತ್ತ ಬೆಳೀತಾರೆ, ಉಪ್ಪುನೀರು ತಡೆಯುತ್ತದೆ, ನೆರೆಯಲ್ಲೂ ನಿಲ್ಲುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗಜನಿಗೆ ಉಪ್ಪುನೀರು ಬಿಟ್ಟರೆ ಸಿಗಡಿ ಬರುತ್ತದೆ. ಗಜನಿ ಸುತ್ತಲಿನ ಕಟ್ಟು ಒಡೆದರೆ ಮಾತ್ರ ಎಲ್ಲ ಹೋಯ್ತು. ನಿಮ್ಮ ಕುದ್ರುವಿನಲ್ಲೂ ದಂಡೆ ಎಲ್ಲಿ ಕುಸಿದಿದೆ ಅಂತ ಮಳೆಗೆ ಮೊದಲೇ ಸುತ್ತ ನಡೆದು ನೋಡಿ. ಬೇಸಿಗೆಯ ಇಳಿತದಲ್ಲಿ ಮಗಳನ್ನು ಬೆಳಚು (ತಿನ್ನುವ ಚಿಪ್ಪುಮೀನು) ಆರಿಸಲು ಕರೆದುಕೊಂಡು ಹೋಗಿ, ನಿಮ್ಮ ಕಡೆ ಮರುವಾಯಿ ಅಂತಾರಲ್ವಾ, ಅದೇ.

ಮಂಗಳೂರಿನಿಂದ

ಸುಮ್ನೆ ಧೈರ್ಯ ತುಂಬಲು ನನಗೆ ಇಷ್ಟವಿಲ್ಲ. ಈಜು ಬಾರದವರು, ಸಣ್ಣ ಮಗು, ಮೊದಲ ಮಳೆಗಾಲವೇ ಬೇಡ. ಅಕ್ಟೋಬರ್‌ಗೆ ಹೋಗಿ. ನೇತ್ರಾವತಿ ನದಿಯ ಕುದ್ರು ಪಾವೂರು ಉಳಿಯದವರು ಮಳೆ ಮುಗಿದ ಮೇಲೆ ತಾವೇ ಸೇರಿ ತಾತ್ಕಾಲಿಕ ಸಂಕ (ಕಾಲುಸೇತುವೆ) ಕಟ್ಟಿಕೊಳ್ಳುತ್ತಿದ್ದರು, ಮಳೆಗೆ ಮೊದಲು ಬಿಚ್ಚುತ್ತಿದ್ದರು. ಆಮೇಲೆ ಮತ್ತೆ ದೋಣಿಯೇ. ಹುಟ್ಟಿ ಬೆಳೆದವರಿಗೇ ಜುಲೈ ಅಂದರೆ ಹೀಗೆ. ಅಷ್ಟರಲ್ಲಿ ನೀವು ಈಜು ಕಲಿಯಿರಿ, ಮಗಳಿಗೂ ಕಲಿಸಿ.

ಕಾರವಾರದಿಂದ

ಮಂಗಳೂರಿನವರ ಮಾತು ಅರ್ಧ ಒಪ್ಪುತ್ತೇನೆ. ಆದರೆ ಅತ್ತೆ ಒಬ್ಬರೇ ಇರುವುದು ಆ ಜುಲೈಯಲ್ಲೇ ಅಲ್ವಾ? ಗಂಡನಾದರೂ ಅಲ್ಲಿರಲಿ. ನಮ್ಮ ಕಾಳಿ ನದಿಯಲ್ಲಿ 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಊರುಗಳಿಗೆ ನುಗ್ಗಿತು. ನಿಮ್ಮ ಸೀತಾನದಿಗೆ ಅಂಥ ದೊಡ್ಡ ಅಣೆಕಟ್ಟಿನ ಭಯವಿಲ್ಲ, ಆದರೂ ಘಟ್ಟದ ಮೇಲೆ ಜೋರು ಮಳೆಯಾಗುವಾಗಲೇ ಕೆಳಗೆ ಉಬ್ಬರವೂ ಇದ್ದರೆ ನೀರಿಗೆ ಹೋಗಲು ದಾರಿಯಿಲ್ಲ, ಅಂಗಳಕ್ಕೆ ಬರುತ್ತದೆ. ಹಿಂದಿನ ನೆರೆ ಗೋಡೆಯಲ್ಲಿ ಎಲ್ಲಿಯತನಕ ಬಂದಿತ್ತು ಅಂತ ಅತ್ತೆಯವರು ತೋರಿಸುತ್ತಾರೆ. ಇನ್ವರ್ಟರ್, ಫ್ರಿಜ್ಜು ಅದಕ್ಕಿಂತ ಮೇಲೆ ಇಡಿ. ನೆರೆ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್, ಕುಡಿಯಲು ಕುದಿಸಿದ ನೀರು, ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ, ಇಲಿಜ್ವರ ಇದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಏಪ್ರಿಲ್‌ಗೆ ಒಂದು ವಾರ ಹೋಗಿ ಬಾವಿ, ದಂಡೆ, ಗೋಡೆ ಮೂರೂ ನೋಡುತ್ತೇವೆ. ರಾತ್ರಿ ಮಗುವಿಗೆ ಜ್ವರ ಬಂದರೆ?

ಕುಂದಾಪುರದಿಂದ

ದೋಣಿ ಇರುವ ಎರಡು ಮನೆಯವರ ನಂಬರ್ ಇಟ್ಟುಕೊಳ್ಳಿ. ಒಂದೇ ಸಾಲದು, ಆ ದಿನ ಅವರು ಮದುವೆಗೆ ಹೋಗಿರುತ್ತಾರೆ. ಆಚೆ ದಡದ ಒಬ್ಬ ರಿಕ್ಷಾದವರದೂ ಬೇಕು. ಜ್ವರ ಮಧ್ಯಾಹ್ನವೇ ಕಂಡರೆ, ಬೆಳಕಿರುವಾಗಲೇ ದಾಟಿಬಿಡಿ.