ಕೆಟಮಿನ್ ಥೆರಪಿಗೆ ಹೂಂ ಅನ್ನುವ ಮೊದಲು: ಈಟಿಂಗ್ ಡಿಸಾರ್ಡರ್, ಆಟಿಸಂ, ಎಡಿಎಚ್‌ಡಿ ಬಗ್ಗೆ ಮನೋವೈದ್ಯರ ಉತ್ತರ

ಪ್ರಶ್ನೆ (ಸುಧಾ, ಕ್ಯಾಲಿಫೋರ್ನಿಯಾ): ನಮಸ್ಕಾರ ಡಾಕ್ಟರೇ. ನನ್ನ ಮಗಳಿಗೆ 23 ವರ್ಷ. ಹೈಸ್ಕೂಲಿನಿಂದಲೂ ಅನೊರೆಕ್ಸಿಯಾ, ಅಂದರೆ ಊಟ ತೀರಾ ಕಡಿಮೆ ಮಾಡಿ ತೂಕ ಇಳಿಸಿಕೊಳ್ಳುವ ಕಾಯಿಲೆ ಇದೆ. ಹೋದ ವರ್ಷ ಆಟಿಸಂ ಕೂಡ ಇದೆ ಎಂದು ಗೊತ್ತಾಯಿತು. ಆಸ್ಪತ್ರೆಯಲ್ಲಿ ಇದ್ದು ಬಂದಳು, ಮಾತ್ರೆ ಬದಲಾಯಿಸಿದ್ದೂ ಆಯಿತು. ಈಗ ಒಂದು ಕ್ಲಿನಿಕ್‌ನವರು ಕೆಟಮಿನ್ ಕೊಟ್ಟು ಥೆರಪಿ ಮಾಡುತ್ತೇವೆ, ಆರು ಸಲ ಬಂದರೆ ಸಾಕು ಎನ್ನುತ್ತಿದ್ದಾರೆ. ಮಗಳನ್ನು ಕೇಳಿದರೆ ಹೂಂ ಅಂದಳು. ಆದರೆ ಅವಳು ಎಲ್ಲದಕ್ಕೂ ಹೂಂ ಅನ್ನುವವಳೇ. ಊರಲ್ಲಿರುವ ನಮ್ಮಕ್ಕ "ಅದು ಆಪರೇಷನ್‌ಗೆ ಕೊಡೋ ಮತ್ತಿನ ಔಷಧ ಅಲ್ವೇನೇ" ಎಂದು ಗಾಬರಿಯಾಗಿದ್ದಾರೆ. ಏನು ಮಾಡಲಿ?

ಉತ್ತರ: ಸುಧಾ ಅವರೇ, ನಿಮ್ಮಕ್ಕ ಹೇಳಿದ್ದು ನಿಜ. ಅಮೆರಿಕದಲ್ಲಿ 1970ರಿಂದ ಅದು ಅರಿವಳಿಕೆಯಾಗಿ ಬಳಕೆಯಲ್ಲಿದೆ. ತುಂಬ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಗಟ್ಟಿ ಖಿನ್ನತೆ ಕೆಲವು ಗಂಟೆಗಳಲ್ಲೇ ಇಳಿಯಬಹುದು ಎಂದು 2000ದಿಂದೀಚೆಗಿನ ಅಧ್ಯಯನಗಳಲ್ಲಿ ಕಂಡುಬಂತು. ಸಾಮಾನ್ಯವಾಗಿ ತೂಕದ ಪ್ರತಿ ಕೆಜಿಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ 40 ನಿಮಿಷ ಡ್ರಿಪ್ ಹಾಕುತ್ತಾರೆ. ಇದರ ಹತ್ತಿರದ ಔಷಧ ಎಸ್‌ಕೆಟಮಿನ್. ಮೂಗಿಗೆ ಬಿಡುವ ಈ ಸ್ಪ್ರೇಗೆ 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದೂ ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ. ಈಟಿಂಗ್ ಡಿಸಾರ್ಡರ್‌ಗೆ (ಅನೊರೆಕ್ಸಿಯಾದಂಥ ಊಟದ ಕಾಯಿಲೆಗಳಿಗೆ) ಅಥವಾ ಆಟಿಸಂಗೆ ಎಂದು ಈ ಎರಡು ಔಷಧಗಳಲ್ಲಿ ಯಾವುದಕ್ಕೂ ಅನುಮತಿ ಇಲ್ಲ.

ಅನೊರೆಕ್ಸಿಯಾಗೆ ಸಾಕ್ಷ್ಯ ಎಷ್ಟಿದೆ? ಸ್ವಲ್ಪವೇ. 1998ರಲ್ಲಿ ಬ್ರಿಟನ್ನಿನ ವೈದ್ಯರು, ಬಹಳ ವರ್ಷಗಳಿಂದ ಈಟಿಂಗ್ ಡಿಸಾರ್ಡರ್ ಇದ್ದ 15 ಜನರಿಗೆ ಇದನ್ನು ಕೊಟ್ಟರು. 9 ಜನ ಚೆನ್ನಾಗಿ ಸುಧಾರಿಸಿದರು ಎಂದು ಬರೆದರು. ಆದರೆ ಔಷಧ ಕೊಡದೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆಮೇಲೆ ಬಂದದ್ದರಲ್ಲಿ ಹೆಚ್ಚಿನವು ಒಬ್ಬಿಬ್ಬರ, ನಾಲ್ಕೈದು ಜನರ ವರದಿಗಳು. ಆಸೆ ಹುಟ್ಟಿಸುವಷ್ಟಿದೆ, "ಆರು ಸಲ ಬಂದರೆ ಸಾಕು" ಎಂದು ಮಾತು ಕೊಡುವಷ್ಟಿಲ್ಲ. ಆ ಮಾತು ನನಗೆ ಇಷ್ಟವಾಗಲಿಲ್ಲ.

ಈಗ ಮುಖ್ಯ ವಿಷಯ. ಕ್ಲಿನಿಕ್‌ನವರು ಮಗಳ ತೂಕ ಎಷ್ಟು, ನಾಡಿ ಎಷ್ಟು ಎಂದು ಕೇಳಿದರಾ? ಅನೊರೆಕ್ಸಿಯಾದಲ್ಲಿ ಹೃದಯ ಮೆಲ್ಲಗೆ ಬಡಿಯುತ್ತಿರುತ್ತದೆ. ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಪೊಟ್ಯಾಸಿಯಂ ಕುಸಿದಿರುತ್ತದೆ. ಕೆಟಮಿನ್ ಬಿಪಿಯನ್ನೂ ನಾಡಿಯನ್ನೂ ಏರಿಸುತ್ತದೆ, ಕೆಲವರಿಗೆ ವಾಕರಿಕೆ ತರುತ್ತದೆ. ಆದ್ದರಿಂದ ಇಸಿಜಿ ಆಗಬೇಕು. ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫರಸ್ ರಕ್ತಪರೀಕ್ಷೆ ಆಗಬೇಕು. ಮಲಗಿದಾಗ ಮತ್ತು ಎದ್ದು ನಿಂತಾಗ ಬಿಪಿ, ನಾಡಿ ನೋಡಬೇಕು. ಇದಿಲ್ಲದೆ ಶುರು ಮಾಡುವ ಕ್ಲಿನಿಕ್ ಆದರೆ ಅಲ್ಲಿಂದ ಎದ್ದು ಬನ್ನಿ.

ಹೊಟ್ಟೆಗೆ ಬೀಳದೆ ಮನಸ್ಸಿನ ಕೆಲಸ ನಡೆಯುವುದಿಲ್ಲ. 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ತಿಂಗಳುಗಟ್ಟಲೆ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಮೊದಲು ಸರಿಯಾಗಿದ್ದವರೇ ಮಂಕಾದರು, ಜನರಿಂದ ದೂರವಾದರು, ದಿನವಿಡೀ ಊಟದ್ದೇ ಯೋಚನೆ ಮಾಡಿದರು. ನಿಮ್ಮ ಮಗಳ ಹಟ, ಮೌನ, ತಟ್ಟೆಯ ಮುಂದಿನ ನಿಯಮಗಳಲ್ಲಿ ಎಷ್ಟು ಹಸಿವಿನದು, ಎಷ್ಟು ಆಟಿಸಂನದು ಎಂದು ಬಿಡಿಸಿ ನೋಡಬೇಕು. ಕಾಯಿಲೆಗೆ ಮುಂಚೆ, ನಾಲ್ಕೈದು ವರ್ಷದವಳಿದ್ದಾಗ ಹೇಗಿದ್ದಳು ಎನ್ನುವುದು ಇಲ್ಲಿ ತುಂಬ ಸಹಾಯಕ್ಕೆ ಬರುತ್ತದೆ. ಅದನ್ನು ಹೇಳಬಲ್ಲವರು ನೀವೇ.

ಪ್ರಶ್ನೆ (ಸುಧಾ): ಚಿಕ್ಕವಳಿದ್ದಾಗಲೇ ಬೆಂಡೆಕಾಯಿ ಲೋಳೆ ಮುಟ್ಟುತ್ತಿರಲಿಲ್ಲ. ಮೊಸರನ್ನದಲ್ಲಿ ಒಂದು ಸಾಸಿವೆ ಸಿಕ್ಕರೂ ಊಟ ಬಿಟ್ಟು ಏಳುತ್ತಿದ್ದಳು. ನಾವು ಹಟ ಎಂದುಕೊಂಡು ಬೈಯುತ್ತಿದ್ದೆವು. ಕೆಟಮಿನ್‌ನಿಂದ ಆಟಿಸಂ ಕಡಿಮೆಯಾಗುತ್ತದಾ?

ಉತ್ತರ: ಇಲ್ಲ. ಆಟಿಸಂ ಇರುವ ಹದಿಹರೆಯದವರಿಗೆ, ಯುವಜನರಿಗೆ ಮೂಗಿನ ಮೂಲಕ ಕೆಟಮಿನ್ ಕೊಟ್ಟು ನೋಡಿದ ಒಂದು ಚಿಕ್ಕ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಔಷಧವಿಲ್ಲದ ಬರೀ ನೀರಿನಂಥದ್ದನ್ನು ಕೊಟ್ಟಾಗ ಕಂಡದ್ದಕ್ಕಿಂತ ಹೆಚ್ಚಿನ ಬದಲಾವಣೆ ಕಾಣಲಿಲ್ಲ. ಅಷ್ಟಕ್ಕೂ ಆಟಿಸಂ ಅವಳ ಮಿದುಳಿನ ರೀತಿ. ನಮಗೆ ವಾಸಿಯಾಗಬೇಕಾದ್ದು ಅನೊರೆಕ್ಸಿಯಾ, ಇದ್ದರೆ ಖಿನ್ನತೆ.

ಸಾಸಿವೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು. ಕೆಲವರು ದಪ್ಪಗಾಗುವ ಭಯದಿಂದ ತಿನ್ನುವುದಿಲ್ಲ. ಕೆಲವರಿಗೆ ವಾಸನೆ, ಲೋಳೆ, ಸದ್ದು ತಡೆಯಲಾಗುವುದಿಲ್ಲ. ಎರಡೂ ಇರುವವರೂ ಇದ್ದಾರೆ. ಎರಡನೆಯದಕ್ಕೆ "ಭಯ ಬಿಡು, ತಿನ್ನು" ಎಂಬ ಚಿಕಿತ್ಸೆ ಮಾಡಿದರೆ ಅವರು ಇನ್ನಷ್ಟು ಮುದುಡುತ್ತಾರೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಕೇಟ್ ಚಾಂಚೂರಿಯಾ ಅವರ ತಂಡ 'ಪೀಸ್' ಎಂಬ ಹೆಸರಿನಲ್ಲಿ, ಆಟಿಸಂ ಇರುವ ಈಟಿಂಗ್ ಡಿಸಾರ್ಡರ್ ರೋಗಿಗಳಿಗಾಗಿಯೇ ಒಂದು ಕ್ರಮ ರೂಪಿಸಿದೆ. ವಾರ್ಡಿನ ಬೆಳಕು, ಗದ್ದಲ, ಊಟದ ಮೆನು, ಮಾತಾಡುವ ರೀತಿ ಎಲ್ಲವನ್ನೂ ಅವರಿಗೆ ಹೊಂದಿಸುತ್ತಾರೆ. ಇದರಲ್ಲಿ ಯಾವ ಔಷಧವೂ ಇಲ್ಲ ನೋಡಿ. ನಿಮ್ಮ ಮಗಳಿಗೆ ಇಂಥದ್ದು ಇನ್ನೂ ಸಿಕ್ಕೇ ಇಲ್ಲ ಎಂದಾದರೆ, ಚಿಕಿತ್ಸೆಗಳೆಲ್ಲ ಸೋತವು ಎಂದು ನಾನು ಒಪ್ಪುವುದಿಲ್ಲ.

ಇಷ್ಟಾಗಿಯೂ ಖಿನ್ನತೆ ಜೋರಾಗಿದ್ದು, ದೇಹ ತಡೆಯುವಷ್ಟಿದ್ದು, ಕೆಟಮಿನ್ ನೋಡೋಣ ಎಂದರೆ ಆ ಕೋಣೆಯನ್ನೂ ಅವಳಿಗೆ ಹೊಂದಿಸಬೇಕು. ಔಷಧ ಏರಿದಾಗ ದೇಹ ದೂರ ಹೋದಂತೆ ಅನ್ನಿಸುತ್ತದೆ. ಕೆಲವರಿಗೆ ಅದು ಬಿಡುಗಡೆ. ತನ್ನ ದೇಹದ ಹಸಿವು, ಸುಸ್ತೇ ಸರಿಯಾಗಿ ಗೊತ್ತಾಗದವರಿಗೆ ಅದು ಭಯಂಕರವೂ ಆಗಬಹುದು. ಮಾತು ನಿಂತುಹೋಗಬಹುದು. ಹಾಗಾಗಿ "ಸಾಕು, ನಿಲ್ಲಿಸಿ" ಎನ್ನಲು ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಸಂಗೀತ ಹಾಕುವುದೋ ಬೇಡವೋ, ಕಣ್ಣಿಗೆ ಪಟ್ಟಿ ಕಟ್ಟುವುದೋ ಬೇಡವೋ ಅವಳೇ ಹೇಳಲಿ. ಕೇಳದೆ ಯಾರೂ ಮೈಮುಟ್ಟಬಾರದು. ಯಾವ ಹೊತ್ತಿಗೆ ಏನು ಎನ್ನುವುದು ಹಾಳೆಯಲ್ಲಿ ಬರೆದಿರಬೇಕು. ಆಮೇಲಿನ ಮಾತುಕತೆಯಲ್ಲಿ "ಹೇಗನ್ನಿಸಿತು?" ಎಂದರೆ ಅವಳಿಂದ ಉತ್ತರ ಬರದಿರಬಹುದು. "ಎದೆ ಬಿಗಿಯಿತಾ? ಊಟದ ಯೋಚನೆ ಬಂತಾ?" ಎಂದು ಬಿಡಿಬಿಡಿಯಾಗಿ ಕೇಳಬೇಕು.

ಅವಳ 'ಹೂಂ' ಬಗ್ಗೆ ನಿಮಗಿರುವ ಅನುಮಾನ ಸರಿಯಾದದ್ದು. ಎದುರಿನವರಿಗೆ ಬೇಸರವಾಗದಿರಲಿ ಎಂದು ಒಪ್ಪಿಕೊಂಡು ಬದುಕುವುದನ್ನು ಇಂಥ ಹೆಣ್ಣುಮಕ್ಕಳಲ್ಲಿ ತುಂಬ ನೋಡಿದ್ದೇನೆ. ಬರೆದು ಕೊಡಿ, ಕೆಲವು ದಿನ ಬಿಡಿ, ಬರವಣಿಗೆಯಲ್ಲೇ ಉತ್ತರ ಕೇಳಿ. ಬೇಡ ಎಂದರೂ ಮನೆಯಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ ಎನ್ನುವುದನ್ನೂ ಬರೆಯಿರಿ.

ಪ್ರಶ್ನೆ (ಕಿರಣ್, ನ್ಯೂಜೆರ್ಸಿ): ಸರ್, ನನಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ ತೊಂದರೆ ಇದೆ, ಅದಕ್ಕೆ ಮಾತ್ರೆ ತಗೊಳ್ತೀನಿ. ರಾತ್ರಿ ಹೊತ್ತು ತಡೆಯಲಾಗದೆ ತಿನ್ನುವ ಸಮಸ್ಯೆ ಇದೆ. ಆನ್‌ಲೈನ್‌ನಲ್ಲಿ ಕೆಟಮಿನ್ ಚೀಪುವ ಮಾತ್ರೆ ಮನೆಗೇ ಕಳಿಸುತ್ತಾರಂತೆ. ತಗೋಬಹುದಾ?

ಉತ್ತರ: ಬೇಡ ಕಿರಣ್. ಹೀಗೆ ಮನೆಯಲ್ಲೇ ತೆಗೆದುಕೊಳ್ಳುವುದರ ಅಪಾಯದ ಬಗ್ಗೆ ಎಫ್‌ಡಿಎ 2023ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ. ಮೂಗಿನ ಸ್ಪ್ರೇ ಕೊಟ್ಟರೂ ಕನಿಷ್ಠ ಎರಡು ಗಂಟೆ ಕ್ಲಿನಿಕ್‌ನಲ್ಲೇ ಕೂರಿಸಿ ನೋಡಬೇಕು ಎಂಬ ನಿಯಮವಿದೆ. ನಿಮ್ಮ ಎಡಿಎಚ್‌ಡಿ ಮಾತ್ರೆ ಉತ್ತೇಜಕ ಜಾತಿಯದ್ದಾದರೆ ಅದೂ ಬಿಪಿ ಏರಿಸುತ್ತದೆ, ಇದೂ ಏರಿಸುತ್ತದೆ. ಪದೇಪದೇ ತೆಗೆದುಕೊಂಡರೆ ಚಟವಾಗಬಹುದು, ಮೂತ್ರಕೋಶ ಕೆಡಬಹುದು.

ನಿಮಗೆ ಬೇರೆ ದಾರಿ ಇದೆ. ಅತಿಯಾಗಿ ತಿನ್ನುವ ಕಾಯಿಲೆಗೆ ಲಿಸ್‌ಡೆಕ್ಸ್‌ಆಂಫೆಟಮಿನ್‌ಗೆ 2015ರಿಂದ ಅಲ್ಲಿ ಅನುಮತಿ ಇದೆ. ಅದು ಎಡಿಎಚ್‌ಡಿಗೂ ಕೊಡುವ ಔಷಧವೇ. ಮಧ್ಯಾಹ್ನ ಊಟ ಮಾಡುತ್ತೀರಾ? ಮಾತ್ರೆಯಿಂದ ಹಗಲು ಹಸಿವೇ ಆಗದೆ, ಅದರ ಪ್ರಭಾವ ಇಳಿದ ಮೇಲೆ ರಾತ್ರಿ ಮುಗಿಬಿದ್ದು ತಿನ್ನುವವರು ಬಹಳ ಜನ. ಅಲಾರಂ ಇಟ್ಟುಕೊಂಡು ಮಧ್ಯಾಹ್ನ ಉಣ್ಣಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಈ ವಿಷಯ ಹೇಳಿ.

ಪ್ರಶ್ನೆ (ಒಬ್ಬ ಸದಸ್ಯರು, ಧಾರವಾಡ): ನಮ್ಮ ಕಡೆ ಇದು ಸಿಗ್ತದೇನ್ರಿ?

ಉತ್ತರ: ಭಾರತದಲ್ಲಿ ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಬಿಗಿ ನಿಯಂತ್ರಣದ ಪಟ್ಟಿಯಲ್ಲಿರುವಂಥದ್ದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವಂತಿಲ್ಲ. ಮನೋವೈದ್ಯರು ಗಟ್ಟಿ ಖಿನ್ನತೆಗೆ ಆಸ್ಪತ್ರೆಯಲ್ಲೇ ಇರಿಸಿಕೊಂಡು ಕೊಡುವುದುಂಟು. ಊಟದ ತೊಂದರೆಗೆ ಅಂತ ಹುಡುಕಿಕೊಂಡು ಹೋಗಬೇಡಿ. ಮನೆಯಲ್ಲಿ ಯಾರಿಗಾದರೂ ತೊಂದರೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಕಿಲ್ಲ.

ಪ್ರಶ್ನೆ (ಸುಧಾ): ಕ್ಲಿನಿಕ್‌ನವರು ಸೋಮವಾರದೊಳಗೆ ಹೇಳಿ ಎಂದಿದ್ದಾರೆ.

ಉತ್ತರ: ಸೋಮವಾರಕ್ಕೆ ಇಸಿಜಿ, ರಕ್ತಪರೀಕ್ಷೆ ಮಾಡಿಸಿ. ಕ್ಲಿನಿಕ್‌ಗೆ ಕಾಯಲು ಹೇಳಿ. ಮಗಳು ತಲೆಸುತ್ತಿ ಬಿದ್ದರೆ, ನಾಡಿ ತುಂಬ ಇಳಿದರೆ, ನೀರೂ ಬೇಡ ಎಂದರೆ ನೇರವಾಗಿ ಎಮರ್ಜೆನ್ಸಿಗೆ ಕರೆದೊಯ್ಯಿರಿ. ಸಾಯುವ ಮಾತಾಡಿದರೆ ಅಲ್ಲಿನ ಸಹಾಯವಾಣಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ರಿಪೋರ್ಟ್ ಬಂದ ಮೇಲೆ, ಅವಳು ಒಪ್ಪಿದರೆ, ಹೆಸರು ಮುಚ್ಚಿ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.